ಇಂಗ್ಲಿಷ್ ಎಷ್ಟನೇ ಭಾಷೆ?

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಎಂಬುದು ಒಂದಲ್ಲ, ಮೂರು ವಿಷಯ. ಪ್ರಥಮ ಭಾಷೆಯಾಗಿ ಕಲಿಯುವ ಇಂಗ್ಲಿಷಿಗೆ ಒಂದು ಪಠ್ಯ, ಒಂದು ಪ್ರಶ್ನೆಪತ್ರಿಕೆ. ದ್ವಿತೀಯ ಭಾಷೆಯ ಇಂಗ್ಲಿಷಿಗೆ ಬೇರೆಯದೇ ಪುಸ್ತಕ. ತೃತೀಯ ಭಾಷೆಯದು ಇನ್ನೂ ಹಗುರ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125. ಉಳಿದೆರಡು ಭಾಷೆಗಳಿಗೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 100. ಬೇರೆ ದೇಶಗಳ ಶಾಲೆಗಳಲ್ಲಿ ಒಂದೇ ವಿಷಯವನ್ನು ಸಾಮಾನ್ಯ ಮಟ್ಟ, ಮೇಲ್ಮಟ್ಟ ಎಂದು ಹೆಸರಿಟ್ಟೇ ಬೇರ್ಪಡಿಸುತ್ತಾರೆ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳು ‘ಆನರ್ಸ್’ ಇಂಗ್ಲಿಷ್ ತೆಗೆದುಕೊಳ್ಳಬೇಕೇ ಬೇಡವೇ ಎಂದು ಚರ್ಚಿಸುವುದು ಇದನ್ನೇ. ಇಲ್ಲಿ ಆ ಕೆಲಸವನ್ನು ಪ್ರಥಮ, ದ್ವಿತೀಯ, ತೃತೀಯ ಎಂಬ ಸ್ಥಾನಗಳೇ ಸದ್ದಿಲ್ಲದೆ ಮಾಡುತ್ತವೆ. ಸ್ಥಾನ ಬದಲಾದರೆ ಮಟ್ಟವೂ ಬದಲಾಗುತ್ತದೆ ಎಂಬ ಸಂಗತಿ ಎಂಟನೇ ತರಗತಿಯ ಪ್ರವೇಶ ಅರ್ಜಿ ತುಂಬುವ ಪೋಷಕರಲ್ಲಿ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಸಾಮಾನ್ಯ ಕ್ರಮವೆಂದರೆ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಎರಡು ಬಗೆ ಇದೆ: ಕೆಲವೆಡೆ ಇಂಗ್ಲಿಷ್ ಪ್ರಥಮ, ಕನ್ನಡ ದ್ವಿತೀಯ, ಕೆಲವೆಡೆ ಮಾಧ್ಯಮ ಇಂಗ್ಲಿಷಾದರೂ ಪ್ರಥಮ ಭಾಷೆ ಕನ್ನಡವೇ. ಗೊಂದಲ ಹುಟ್ಟುವುದು ಇಲ್ಲಿಯೇ. ‘ನಮ್ ಹೈದನ್ನ ಇಂಗ್ಲಿಷ್‌ಗೆ ಹಾಕ್ಬುಟ್ಟೊ’ ಎಂದು ಈ ಸೀಮೆಯಲ್ಲಿ ಹೇಳುವಾಗ ಮಾತು ಮಾಧ್ಯಮದ್ದು, ಅಂದರೆ ಗಣಿತ, ವಿಜ್ಞಾನ, ಸಮಾಜವನ್ನು ಯಾವ ಭಾಷೆಯಲ್ಲಿ ಕಲಿಯುತ್ತಾನೆ ಎಂಬುದರದ್ದು. ಇಂಗ್ಲಿಷ್ ಎಂಬ ವಿಷಯವನ್ನು ಯಾವ ಮಟ್ಟದಲ್ಲಿ ಕಲಿಯುತ್ತಾನೆ ಎಂಬುದು ಬೇರೆಯೇ ಪ್ರಶ್ನೆ. ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದ ಹುಡುಗಿಯೂ, ಫೀಸು ಕಟ್ಟಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಪಕ್ಕದ ಮನೆಯ ಹುಡುಗನೂ ಕನ್ನಡವನ್ನೇ ಪ್ರಥಮ ಭಾಷೆಯಾಗಿ ತೆಗೆದುಕೊಂಡಿದ್ದರೆ, ಇಬ್ಬರೂ ಹತ್ತನೇ ತರಗತಿಯಲ್ಲಿ ಒಂದೇ ದಿನ ಒಂದೇ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ‘ಮೀಡಿಯಂ’ ಎಂಬ ಒಂದೇ ಮಾತಿನಲ್ಲಿ ಎರಡು ತೀರ್ಮಾನಗಳನ್ನು ಮುಗಿಸಿಬಿಡುವುದರಿಂದಲೇ ಆಯ್ಕೆ ಹಳಿ ತಪ್ಪುತ್ತದೆ.

ಈ ಮೂರು ಸ್ಥಾನಗಳ ಹಿಂದೆ ದೊಡ್ಡ ಜಗಳದ ಚರಿತ್ರೆಯಿದೆ. ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕೊಟ್ಟ ವರದಿ, ಪ್ರೌಢಶಾಲೆಯಲ್ಲಿ 150 ಅಂಕಗಳ ಏಕೈಕ ಪ್ರಥಮ ಭಾಷೆ ಕನ್ನಡವೇ ಆಗಬೇಕೆಂದಿತು. ಅದರ ಜಾರಿಗಾಗಿ ಡಾ. ರಾಜ್‌ಕುಮಾರ್ ಮುಂದೆ ನಿಂತು 1982ರಲ್ಲಿ ನಡೆದ ಚಳವಳಿ ನಾಡಿಗೆಲ್ಲ ಗೊತ್ತು. ಆಮೇಲಿನ ಸರ್ಕಾರಿ ಆದೇಶ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಇಂದು ಪ್ರಥಮ ಭಾಷೆಯಾಗಿ ಕನ್ನಡವಲ್ಲದೆ ತೆಲುಗು, ಹಿಂದಿ, ಮರಾಠಿ, ತಮಿಳು, ಉರ್ದು, ಇಂಗ್ಲಿಷ್, ಸಂಸ್ಕೃತವನ್ನೂ ಆರಿಸಿಕೊಳ್ಳಲು ಅವಕಾಶವಿದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಕನ್ನಡ ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಇರಲೇಬೇಕು. ಮಾಧ್ಯಮದ ಜಗಳ ಇನ್ನೊಂದು ಕವಲು: ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ 1994ರ ಆದೇಶವನ್ನು ಹೈಕೋರ್ಟ್ 2008ರಲ್ಲಿ ತಳ್ಳಿಹಾಕಿತು, ಸುಪ್ರೀಂ ಕೋರ್ಟ್ 2014ರ ಮೇ 6ರಂದು ಆ ತೀರ್ಪನ್ನೇ ಎತ್ತಿಹಿಡಿಯಿತು. ಗೋಕಾಕರು ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು. ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಅವರದೇ ‘ದಿ ಸಾಂಗ್ ಆಫ್ ಇಂಡಿಯಾ’ ಕವಿತೆ ಇದೆ. ಕನ್ನಡವನ್ನು ಪ್ರಥಮ ಸ್ಥಾನದಲ್ಲಿ ಕೂರಿಸಲು ಹೊರಟವರನ್ನು ಮಕ್ಕಳು ಓದುವುದು ದ್ವಿತೀಯ ಭಾಷೆಯ ಪುಸ್ತಕದಲ್ಲಿ, ಅದೂ ಇಂಗ್ಲಿಷಿನಲ್ಲಿ.

ಅದೇ ಪುಸ್ತಕದಲ್ಲಿ ಆರ್.ಕೆ. ನಾರಾಯಣರ ‘ಎ ಹೀರೋ’ ಕಥೆ ಇದೆ, ಅಂಬೇಡ್ಕರ್ ಕುರಿತ ಪಾಠವಿದೆ, ರಸ್ಕಿನ್ ಬಾಂಡರ ಪದ್ಯವಿದೆ. ಪಾಠಗಳು ಚೆನ್ನಾಗಿಯೇ ಇವೆ. ತೊಡಕಿರುವುದು ಪರೀಕ್ಷೆಯಲ್ಲಿ. ದ್ವಿತೀಯ ಭಾಷೆಗೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20. ಪತ್ರಿಕೆಯಲ್ಲಿ ಕೇಳುವ ಬಗೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ: ಕಂಠಪಾಠದ ಪದ್ಯ ಬರೆಯುವುದು, ಪತ್ರಲೇಖನ, ಕೊಟ್ಟ ಸುಳಿವುಗಳಿಂದ ಒಬ್ಬರ ಪರಿಚಯ ಬರೆಯುವುದು, ಚಿತ್ರ ನೋಡಿ ವಿವರಿಸುವುದು, ಕಥೆ ಬೆಳೆಸುವುದು, ಓದದ ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆ, ಒಂದಿಷ್ಟು ವ್ಯಾಕರಣ. ಇವುಗಳಲ್ಲಿ ಬಹುಪಾಲನ್ನು ಅರ್ಥವಾಗದೆಯೂ ಬರೆಯಬಹುದು. ಪದ್ಯ ಬಾಯಿಪಾಠ ಆಗುತ್ತದೆ. ಪತ್ರದ ವಿಳಾಸ, ದಿನಾಂಕ, ಒಕ್ಕಣೆ, ಕೊನೆಯ ಸಾಲು ಎಲ್ಲವನ್ನೂ ಉರು ಹೊಡೆಸಬಹುದು. ಪರಿಚಯ ಬರೆಯುವಲ್ಲಿ ಸುಳಿವುಗಳಿಗೆ ‘ಹೀ ಈಸ್’, ‘ಹಿಸ್ ನೇಮ್ ಈಸ್’ ಅಂಟಿಸಿದರೆ ಅಂಕ ಬೀಳುತ್ತದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ದಡ ಸೇರಿಸಲು ಶಿಕ್ಷಕರು ಹಿಡಿಯುವ ದಾರಿ ಇದೇ, ಅದಕ್ಕೆ ಅವರನ್ನು ದೂರುವಂತಿಲ್ಲ. ಆದರೆ ಅಂಕಪಟ್ಟಿಯಲ್ಲಿ 100ಕ್ಕೆ 80 ಇದ್ದು, ಓದದ ಗದ್ಯಭಾಗದ ಎರಡು ಪ್ರಶ್ನೆಗೂ ಉತ್ತರ ಬರೆಯಲಾಗದ ಮಗುವಿನ ಇಂಗ್ಲಿಷ್ ಯಾವ ಮಟ್ಟದ್ದು ಎಂಬುದನ್ನು ಆ 80 ಹೇಳುವುದಿಲ್ಲ.

ಪ್ರಥಮ ಭಾಷೆಯ ಇಂಗ್ಲಿಷ್ 100 ಅಂಕದ ಲಿಖಿತ ಪರೀಕ್ಷೆ, 25 ಆಂತರಿಕ. ಪಾಠಗಳು ಉದ್ದ, ಉತ್ತರಗಳೂ ಉದ್ದ. ಮಗು ಓದುವುದಕ್ಕೆ ತಿಣುಕದೆ, ಓದಿದ್ದರ ಬಗ್ಗೆ ಯೋಚಿಸಬಲ್ಲದು ಎಂಬ ನಂಬಿಕೆಯ ಮೇಲೆ ಪಠ್ಯ ನಿಂತಿದೆ. ಒಂದನೇ ತರಗತಿಯಿಂದಲೂ ಇಂಗ್ಲಿಷ್ ಪ್ರಥಮ ಭಾಷೆಯಾಗಿ ಓದಿದ ಮಗುವಿಗೆ ಅದು ಸಹಜ. ಏಳರವರೆಗೆ ದ್ವಿತೀಯ ಭಾಷೆಯಾಗಿ ಓದಿ ಎಂಟರಲ್ಲಿ ಪ್ರಥಮಕ್ಕೆ ಏರುವ ಮಗುವಿಗೆ ಎರಡು ಹೊರೆ ಒಟ್ಟಿಗೆ ಬೀಳುತ್ತವೆ: ಕಠಿಣವಾದ ಇಂಗ್ಲಿಷ್, ಜೊತೆಗೆ 25 ಅಂಕ ಹೆಚ್ಚಿನ ತೂಕ. ಕನ್ನಡವನ್ನು ಮನೆಯಲ್ಲಿ ಆಡಿ ಬೆಳೆದ ಮಗು 125 ಅಂಕಕ್ಕೆ ಕನ್ನಡವನ್ನೇ ಇಟ್ಟುಕೊಂಡರೆ ಒಟ್ಟು ಅಂಕ ಏರುವ ಸಾಧ್ಯತೆಯೇ ಹೆಚ್ಚು. ಪ್ರತಿಷ್ಠೆಯ ಮಾತು ಬದಿಗಿಟ್ಟರೆ, ಹಳ್ಳಿಯಿಂದ ಬರುವ ಹೆಚ್ಚಿನ ಮಕ್ಕಳಿಗೆ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ ಎಂಬ ಹಳೆಯ ಕ್ರಮವೇ ಒಪ್ಪುವ ಕ್ರಮ.

ಈ ಮೂರು ತಾಲ್ಲೂಕುಗಳಲ್ಲಿ ಎಲ್ಲ ಮಕ್ಕಳ ಮನೆಮಾತೂ ಕನ್ನಡವಲ್ಲ ಎಂಬುದರಿಂದ ಲೆಕ್ಕ ಇನ್ನಷ್ಟು ಸಿಕ್ಕಾಗುತ್ತದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರೂ ಆಗ ಅದರೊಳಗೇ ಇತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನದು. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆ ತಮಿಳು ಮನೆಮಾತಿನ ಕುಟುಂಬಗಳಿವೆ. ಕೊಳ್ಳೇಗಾಲ ಪಟ್ಟಣದಲ್ಲಿ ಉರ್ದು ಆಡುವವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲೂ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲೂ ಸೋಲಿಗರಿದ್ದಾರೆ. ಅವರ ಮಕ್ಕಳಿಗೆ ಪುಸ್ತಕದ ಕನ್ನಡವೇ ಮನೆಮಾತಿಗಿಂತ ಒಂದು ಹೆಜ್ಜೆ ಆಚೆಯದು. ಕಾನೂನಿನ ಚೌಕಟ್ಟಿನೊಳಗೆ ಮಾತೃಭಾಷೆಯನ್ನು ಪ್ರಥಮ ಸ್ಥಾನದಲ್ಲಿಟ್ಟು ಕನ್ನಡವನ್ನು ದ್ವಿತೀಯವಾಗಿ ಓದಿದರೆ ಇಂಗ್ಲಿಷಿಗೆ ಉಳಿಯುವುದು ಮೂರನೇ ಜಾಗ. ಹಾಗಾಗಿ ಉರ್ದು ಅಥವಾ ತಮಿಳನ್ನು ಪ್ರಥಮ ಭಾಷೆಯಾಗಿ ಉಳಿಸಿಕೊಳ್ಳಬೇಕೆನ್ನುವ ಕುಟುಂಬ ಅತಿ ಹಗುರವಾದ ಇಂಗ್ಲಿಷಿಗೆ ಒಪ್ಪಿಕೊಂಡಂತೆ. ಮಗುವಿಗೆ ಅಲ್ಲಿ ಅಂಕ ಸುಲಭವಾಗಿ ಬರಬಹುದು, ಮುಂದೆ ಪಿಯುಸಿಯ ಎರಡು ವರ್ಷ ಮಾತ್ರ ಕಷ್ಟವಾಗುತ್ತದೆ. ಅಂಥ ಮನೆಗಳಲ್ಲಿ ಇಂಗ್ಲಿಷ್ ಓದಿಗೆ ಶಾಲೆಯ ಹೊರಗೆ ಬೇರೆ ಏರ್ಪಾಟು ಬೇಕಾಗುತ್ತದೆ.

ಇನ್ನು ಮಾಧ್ಯಮದ ಮಾತು. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲಾಯಿತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾದ ದ್ವಿಭಾಷಾ ಪಠ್ಯಪುಸ್ತಕಗಳು ಬಂದವು. ಕೋವಿಡ್ ಕಾಲದಲ್ಲಿ ಎರಡನೇ, ಮೂರನೇ ತರಗತಿಗಳನ್ನು ಅರ್ಧಂಬರ್ಧ ಕಳೆದ ಆ ಮೊದಲ ತಂಡ ಎಂಟನೇ ತರಗತಿಗೆ ಬರುವುದು 2026-27ರಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಶುರುವಾದದ್ದನ್ನು ಪ್ರೌಢಶಾಲೆಯಲ್ಲಿ ಮುಂದುವರಿಸಲು ಹತ್ತಿರದಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವಿರುವ ಸರ್ಕಾರಿ ಪ್ರೌಢಶಾಲೆ ಇದೆಯೇ ಎಂದು ಪೋಷಕರು ಏಳನೇ ತರಗತಿಯಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇಂಗ್ಲಿಷ್ ಮಾಧ್ಯಮಕ್ಕೆ ಫೀಸಿಲ್ಲದ ಬೇರೆ ದಾರಿಗಳೂ ಇವೆ, ಆದರೆ ಅವುಗಳ ಬಾಗಿಲು ತೆರೆಯುವುದು ಆರನೇ ತರಗತಿಗೆ. ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕ್‌ಗಳಿಗೆಂದು ಬಂದ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಜಿಲ್ಲೆಗೊಂದರಂತಿರುವ ನವೋದಯ, ಇವುಗಳಿಗೆಲ್ಲ ಐದನೇ ತರಗತಿಯಲ್ಲಿರುವಾಗಲೇ ಪ್ರವೇಶ ಪರೀಕ್ಷೆ. ಚಾಮರಾಜನಗರ ಜಿಲ್ಲೆಯ ನವೋದಯ ಹೊಂಡರಬಾಳಿನಲ್ಲಿದೆ. ಅಲ್ಲಿ ಕನಿಷ್ಠ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು, ಪಠ್ಯಕ್ರಮ ಸಿಬಿಎಸ್‌ಇ. ಎಂಟನೇ ತರಗತಿ ಹತ್ತಿರ ಬಂದಾಗ ಇವುಗಳ ನೆನಪಾದರೆ ತಡವಾಯಿತೆಂದೇ ಅರ್ಥ. ಇಂಡಿಗನತ್ತ, ತುಳಸಿಕೆರೆಯಂಥ ಕಾಡೊಳಗಿನ ಊರುಗಳಿಗಂತೂ ಮಾಧ್ಯಮ, ಮಟ್ಟ ಎಂಬ ಚರ್ಚೆಯೇ ದೂರದ್ದು. ಅಲ್ಲಿನ ಮಗುವಿಗೆ ಆಯ್ಕೆ ಎಂದರೆ ಹಾಸ್ಟೆಲ್ ಸಿಕ್ಕ ಶಾಲೆ. ಬೆಟ್ಟದ ಮೇಲೇ ಶಾಲೆ ಬೇಕೆಂಬುದನ್ನು ಅರಿತು ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಸೋಲಿಗ ಮಕ್ಕಳ ಮಟ್ಟಿಗೆ ದೊಡ್ಡ ಅಪವಾದ.

ಸಿಬಿಎಸ್‌ಇ ಶಾಲೆಗಳ ವ್ಯವಸ್ಥೆ ಬೇರೆ. ಹತ್ತನೇ ತರಗತಿಗೆ ಅಲ್ಲಿ ಎರಡು ಇಂಗ್ಲಿಷ್ ಕೋರ್ಸುಗಳಿವೆ: ‘ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಲಿಟರೇಚರ್’, ‘ಇಂಗ್ಲಿಷ್ ಕಮ್ಯುನಿಕೇಟಿವ್’. ಎರಡಕ್ಕೂ ಮಾನ್ಯತೆ ಒಂದೇ. ಯಾವುದನ್ನು ಕಲಿಸಬೇಕೆಂದು ಸಾಮಾನ್ಯವಾಗಿ ಶಾಲೆಯೇ ನಿರ್ಧರಿಸುತ್ತದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ ನೆಲೆಯ ಮಕ್ಕಳು ಓದುವುದೂ ಸಿಬಿಎಸ್‌ಇ ಪಠ್ಯಕ್ರಮವನ್ನೇ. ಅಲ್ಲಿ ಕನ್ನಡವೂ ಇಂಗ್ಲಿಷೂ ಮನೆಮಾತಲ್ಲ. ರಾಜ್ಯ ಪಠ್ಯಕ್ರಮದಿಂದ ಸಿಬಿಎಸ್‌ಇಗೆ ದಾಟುವ ಯೋಚನೆಯಿದ್ದರೆ ಒಂಬತ್ತನೇ ತರಗತಿಯ ನೋಂದಣಿಗೆ ಮೊದಲೇ ಆಗಬೇಕು.

ಹಾಗಾದರೆ ಮಗುವಿಗೆ ಯಾವ ಮಟ್ಟ ಸರಿ ಎಂದು ತಿಳಿಯುವುದು ಹೇಗೆ? ಏಳನೇ ತರಗತಿಯ ಅಂಕಪಟ್ಟಿ ಇದಕ್ಕೆ ಹೆಚ್ಚು ಉಪಯೋಗಕ್ಕೆ ಬಾರದು. ಮನೆಯಲ್ಲೇ ನೋಡಬಹುದಾದ ದಾರಿಗಳಿವೆ. ಎಂಟನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೂ ಕಲಿಯದ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದಲಿ. ಪುಟಕ್ಕೆ ಐದಾರು ಗೊತ್ತಿಲ್ಲದ ಪದ ಬಂದರೆ ಅಡ್ಡಿಯಿಲ್ಲ; ಸಾಲು ಸಾಲಿಗೂ ಎಡವಿದರೆ ಆ ಪುಸ್ತಕವೇ ಭಾರ, ಪ್ರಥಮ ಭಾಷೆಯದಂತೂ ಮುಟ್ಟುವ ಮಾತಲ್ಲ. ಓದಿದ ಮೇಲೆ ಅದರಲ್ಲೇನಿದೆ ಎಂದು ಕನ್ನಡದಲ್ಲಿ ಹೇಳಲಿ. ತೊದಲದೆ ಓದಿ, ಅರ್ಥ ಒಂದು ಚೂರೂ ಹೇಳಲಾಗದ ಮಕ್ಕಳು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕಡಿಮೆಯೇನಿಲ್ಲ. ಆಮೇಲೆ ಮಾದಪ್ಪನ ಬೆಟ್ಟಕ್ಕೋ ಅಜ್ಜಿಯ ಊರಿಗೋ ಹೋಗಿಬಂದದ್ದನ್ನು ಆರೇಳು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆಯಲಿ. ‘ಐ ವೆಂಟ್’ ಎನ್ನಬೇಕಾದ ಕಡೆ ‘ಐ ಆಮ್ ಗೋ’ ಎಂದಿದ್ದರೆ ಗಾಬರಿ ಬೇಡ, ತಿದ್ದಬಹುದು. ತನ್ನದೇ ವಾಕ್ಯ ಕಟ್ಟಲು ನೋಡಿದೆಯೋ, ಗೈಡಿನ ವಾಕ್ಯ ಒಪ್ಪಿಸಿದೆಯೋ ಎಂಬುದನ್ನು ಗಮನಿಸಬೇಕು.

ಮಾಧ್ಯಮದ ಆಯ್ಕೆಗೆ ಬೇರೆ ಪರೀಕ್ಷೆ ಬೇಕು, ಅದು ಗಣಿತದ್ದು. ರೈತನೊಬ್ಬ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ 40 ಕೆ.ಜಿ. ರೇಷ್ಮೆಗೂಡು ತಂದ, ಕೆ.ಜಿ.ಗೆ 500 ರೂಪಾಯಿಯಂತೆ ಮಾರಿದ. ನೂರಕ್ಕೆ ಒಂದರಂತೆ ಶುಲ್ಕ ಕಳೆದರೆ ಕೈಗೆ ಬಂದದ್ದೆಷ್ಟು? ಇದನ್ನು ಕನ್ನಡದಲ್ಲಿ ಹೇಳಿದಾಗ 19,800 ಎಂದು ಥಟ್ಟನೆ ಹೇಳುವ ಮಗು, ಇದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಾಗ 40ನ್ನೂ 500ನ್ನೂ ಕೂಡಿಸಿಬಿಟ್ಟರೆ, ಅದಕ್ಕೆ ಗಣಿತ ಬರುತ್ತದೆ, ಇಂಗ್ಲಿಷಿನಲ್ಲಿ ಗಣಿತ ಬರುವುದಿಲ್ಲ ಎಂದರ್ಥ. ಇಂಥ ಮಗುವನ್ನು ಎಂಟರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ದಾಟಿಸಿದರೆ ಚೆನ್ನಾಗಿ ಬರುತ್ತಿದ್ದ ಗಣಿತ, ವಿಜ್ಞಾನಗಳೂ ಕೈಬಿಡುತ್ತವೆ. ಜೂನ್ ತಿಂಗಳಲ್ಲಿ ಹಿಂದಿನ ಪಾಠಗಳನ್ನು ನೆನಪಿಸುವ ಸೇತುಬಂಧದ ಕೆಲವೇ ವಾರಗಳಲ್ಲಿ ಏಳು ವರ್ಷಗಳ ಅಂತರ ತುಂಬುವುದಿಲ್ಲ. ಎರಡೂ ಕಡೆ ಸರಿಯಾಗಿ ಬಿಡಿಸಿದ ಮಗು ಮಾಧ್ಯಮ ಬದಲಿಸಿದರೂ ಮೊದಲ ಆರು ತಿಂಗಳ ತಿಣುಕಾಟ ಕಳೆದು ನಿಲ್ಲುತ್ತದೆ.

ಶಾಲೆಯನ್ನೂ ಪರೀಕ್ಷಿಸಬೇಕು. ಇಂಗ್ಲಿಷ್ ವಿಷಯಕ್ಕೇ ನೇಮಕಗೊಂಡ ಶಿಕ್ಷಕರಿದ್ದಾರೋ, ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿದೆಯೋ, ಇಂಗ್ಲಿಷ್ ಮಾಧ್ಯಮ ಎಂಬ ಬೋರ್ಡಿನ ಒಳಗೆ ವಿಜ್ಞಾನದ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ವಿಚಾರಿಸಬೇಕು. ಪಾಠ ಕನ್ನಡದಲ್ಲಿ, ನೋಟ್ಸು ಇಂಗ್ಲಿಷಿನಲ್ಲಿ ಎಂಬ ಪದ್ಧತಿ ಎಷ್ಟೋ ಕಡೆ ಇದೆ. ಅದು ತಪ್ಪೆಂದಲ್ಲ; ವಿವರಣೆ ಕನ್ನಡದಲ್ಲಿ ಸಿಕ್ಕರೆ ಮಗುವಿಗೆ ಅನುಕೂಲವೇ. ಆದರೆ ಅದಕ್ಕಾಗಿ ಇಂಗ್ಲಿಷ್ ಮಾಧ್ಯಮದ ಫೀಸು ತೆರಬೇಕೇ ಎಂದು ಕೇಳಿಕೊಳ್ಳಬೇಕು.

ಪೋಷಕರಿಗೆ ಎಷ್ಟೋ ಸಲ ಸಿಇಟಿ ಹೊತ್ತಿಗೆ ಗೊತ್ತಾಗುವ ಒಂದು ಲೆಕ್ಕ ಮೀಸಲಾತಿಯದು. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ವೃತ್ತಿಶಿಕ್ಷಣದ ಸಿಇಟಿ ಸೀಟುಗಳಲ್ಲಿ ಶೇಕಡ 5, ಅಷ್ಟೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15 ಮೀಸಲಿದೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಕನ್ನಡ ಮಾಧ್ಯಮಕ್ಕೆ ಶೇಕಡ 5, ಗ್ರಾಮೀಣಕ್ಕೆ ಶೇಕಡ 25. ಎಂಟನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗು ಕನ್ನಡ ಮಾಧ್ಯಮದ ಕೋಟಾ ಕಳೆದುಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ: ಕೊಳ್ಳೇಗಾಲ ನಗರಸಭೆ, ಹನೂರು ಮತ್ತು ಯಳಂದೂರು ಪಟ್ಟಣ ಪಂಚಾಯಿತಿಗಳು, ಈ ಮೂರರ ವ್ಯಾಪ್ತಿಯೂ ಗ್ರಾಮೀಣವಲ್ಲ. ಏಳರವರೆಗೆ ಊರ ಶಾಲೆಯಲ್ಲಿ ಓದಿ, ಒಳ್ಳೆಯ ಇಂಗ್ಲಿಷ್ ಸಿಗಲೆಂದು ಈ ಪಟ್ಟಣಗಳ ಶಾಲೆಗೆ ಸೇರಿದರೆ ಗ್ರಾಮೀಣ ಕೋಟಾವೂ ಹೋಗುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿಸಲು ನಿಂತಾಗ ಇದು ತಿಳಿದು ಪ್ರಯೋಜನವಿಲ್ಲ.

ಪಿಯುಸಿಗೆ ಬಂದಾಗ ಈ ಮೂರೂ ಮಟ್ಟಗಳು ಒಂದಾಗುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ಪ್ರಥಮವಾಗಿ ಓದಿದವರಿಗೂ ತೃತೀಯವಾಗಿ ಓದಿದವರಿಗೂ ಅಲ್ಲಿ ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಆಗ ಮೇಲುಗೈ ಆಗುವುದು ಅರ್ಥಮಾಡಿಕೊಂಡು ಓದುವ ಅಭ್ಯಾಸವಿದ್ದವರದು, ಅಂಕಪಟ್ಟಿಯ ಸ್ಥಾನ ಲೆಕ್ಕಕ್ಕಿಲ್ಲ. ಕಲಾ ವಿಭಾಗದಲ್ಲಿ ಕನ್ನಡ ಮಾಧ್ಯಮ ಸಿಗುತ್ತದೆ. ವಿಜ್ಞಾನ ವಿಭಾಗದಲ್ಲಿ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬರುವವರು ಮೊದಲ ಪಿಯುಸಿಯ ಆರಂಭದ ತಿಂಗಳುಗಳಲ್ಲಿ ಕಂಗೆಡುವುದು ಪದಗಳ ಹೊಸತನಕ್ಕೆ. ವಿಷಯ ಅವರಿಗೆ ಗೊತ್ತಿದ್ದದ್ದೇ. ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ವಿಜ್ಞಾನ, ಗಣಿತ ಪಠ್ಯಗಳ ಇಂಗ್ಲಿಷ್ ಆವೃತ್ತಿಯನ್ನು ಕನ್ನಡದ್ದರ ಪಕ್ಕದಲ್ಲಿಟ್ಟು ಒಂದೊಂದೇ ಅಧ್ಯಾಯ ಓದಿಕೊಂಡರೆ ಈ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡೂ ಆವೃತ್ತಿಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಿಇಟಿ, ನೀಟ್ ಎರಡರ ಪ್ರಶ್ನೆಪತ್ರಿಕೆಗಳೂ ಕನ್ನಡದಲ್ಲಿ ಲಭ್ಯ.